ಹನ್ನೆರಡು ಕುರಿ, ಎಲ್ಲವೂ ತಪ್ಪಿಸಿಕೊಂಡವು

ಹೊಳೆ ದಂಡೆಯ ಚರ್ಚಿನ ಪಕ್ಕ ಒಂದು ಬಾಲವಾಡಿ. ಅಲ್ಲಿ ಸುವಾರ್ತಮ್ಮ ಗುರು. ನನ್ನ ಹೆಂಡತಿ. ಹೋದ ವರ್ಷ ದೇವರ ಬಳಿ ಹೋದಳು. ಇದು ಅವಳಿದ್ದಾಗ ನಾನು ಅಲ್ಲೇ ಬೆಂಚಿಗೆ ಮೊಳೆ ಹೊಡೆಯುತ್ತಾ ಕಂಡದ್ದು.

ಹನ್ನಾ ಅವಳ ಹತ್ತಿರ ಕೆಲಸ ಕಲಿಯಲು ಬಂದ ಹುಡುಗಿ. ಮೂರು ತಿಂಗಳಾಗಿತ್ತು. ಅವತ್ತು ಚರ್ಚಿನ ಸಭೆಯ ಹಿರಿಯರು ಯೋಹಾನಪ್ಪನವರು ಪಾಠ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಕೆಲಸ ಉಳಿಯಿತು. ಇಲ್ಲವಾದರೆ ಮನೆಗೆ.

ಹನ್ನಾ ತಪ್ಪಿಹೋದ ಕುರಿಯ ಕಥೆ ಹೇಳಿದಳು. ಒಂದು ಕುರಿ ತಪ್ಪಿಸಿಕೊಳ್ಳುತ್ತದೆ. ಕಾಯುವವನು ಉಳಿದದ್ದನ್ನೆಲ್ಲ ಬಿಟ್ಟು ಹೋಗುತ್ತಾನೆ. ಹುಡುಕಿ, ಹೆಗಲ ಮೇಲೆ ಹೊತ್ತು ತರುತ್ತಾನೆ.

“ಈಗ ಆಟ. ಕುರಿ ಕಾಯೋರು ಯಾರು?”

ಯಾರೂ ಕೈ ಎತ್ತಲಿಲ್ಲ.

“ತಪ್ಪಿಸಿಕೊಳ್ಳೋ ಕುರಿ ಯಾರು?”

“ನಾನು ಮಿಸ್! ನಾನು!”

ಹನ್ನೆರಡು ಮಕ್ಕಳೂ ಓಡಿದರು. ಅದೇ ಹೊತ್ತಿಗೆ ಯೋಹಾನಪ್ಪ ಒಳಗೆ ಬಂದರು.

“ಮಕ್ಕಳೆಲ್ಲಿ?”

“ಎಲ್ಲರೂ ತಪ್ಪಿಸಿಕೊಂಡಿದ್ದಾರೆ, ಅಯ್ಯಾ.”

“ಚೆನ್ನಾಯ್ತು. ಗೋಡೆಗೆ ಪಾಠ ಹೇಳ್ತೀಯೇನಮ್ಮ?”

ಹನ್ನಾ ಗುರುವಿನ ಕಡೆ ನೋಡಿದಳು. “ಅಮ್ಮಾ, ಗದರಿಸಿ ಕರೀಲಾ?”

“ನಿನ್ನ ಕಥೆಯವನು ಗದರಿಸಿದನಾ?”

“ಇಲ್ಲ. ಹುಡುಕಿದ.”

“ಮತ್ತೆ?”

ಹನ್ನಾ ಸೆರಗು ಸಿಕ್ಕಿಸಿದಳು. ಬೆಂಚಿನ ಕೆಳಗೆ ಇಬ್ಬರು. ನೀರಿನ ಡ್ರಮ್ಮಿನ ಹಿಂದೆ ಮೂವರು, ಒಬ್ಬರ ಬಾಯಿ ಒಬ್ಬರು ಮುಚ್ಚಿಕೊಂಡು. ಸಿಕ್ಕವರನ್ನು ಒಬ್ಬೊಬ್ಬರಾಗಿ ಹೊತ್ತು ತಂದಳು. ತಂದವರು ಮತ್ತೆ ಓಡಲು ನೋಡಿದರು. ಯೋಹಾನಪ್ಪ ಬಾಗಿಲಿಗೆ ಅಡ್ಡ ನಿಂತರು.

ಹನ್ನೊಂದು ಮಂದಿ ಸಿಕ್ಕರು. ಲೇಯಾ ಸಿಗಲಿಲ್ಲ.

ಲೇಯಾಳ ತಾಯಿ ಮಗುವನ್ನು ಅಜ್ಜಿಯ ಬಳಿ ಬಿಟ್ಟು ಹೋದವಳು ತಿರುಗಿ ಬಂದಿರಲಿಲ್ಲ. ಬಾಲವಾಡಿಗೆ ಸೇರಿದ ದಿನದಿಂದ ಮಗು ಬಾಗಿಲ ಹತ್ತಿರವೇ ಕೂರುತ್ತಿತ್ತು. ಯಾವ ಆಟಕ್ಕೂ ಎದ್ದದ್ದಿಲ್ಲ.

ಹನ್ನಾ ಬಾಗಿಲ ಕಡೆ ತಿರುಗಿದಳು. “ಅಮ್ಮಾ, ಹೊಳೆ...”

“ಹೊಳೆ ಕಡೆ ಗೇಟಿಗೆ ಬೀಗ ನಾನೇ ಹಾಕಿದ್ದೀನಿ. ಹುಡುಕು.”

ಹಿಂದಿನ ಮೂಲೆಯಲ್ಲಿ ಸುತ್ತಿಟ್ಟ ಚಾಪೆ. ಅದರ ತುದಿಯಲ್ಲಿ ಪುಟ್ಟ ಕಾಲ್ಬೆರಳುಗಳು ಅಲ್ಲಾಡಿದವು.

ಹನ್ನಾ ಚಾಪೆ ಬಿಡಿಸಿದಳು. ಅವಳಿಗೆ ಅಳು. ಮಗುವಿಗೆ ನಗು.

“ಎಷ್ಟೊತ್ತು ಮಾಡ್ದೆ, ಮಿಸ್!”

ಮಗು ತಾನಾಗಿ ಕೈ ಚಾಚಿತು. ಹನ್ನಾ ಹೆಗಲಿಗೇರಿಸಿಕೊಂಡಳು.

ಯೋಹಾನಪ್ಪ ಕೇಳಿದರು, “ನಕ್ಕದ್ದು ಸರಿ. ಕಲಿತದ್ದೇನು?”

ಸುವಾರ್ತಮ್ಮ ಹೇಳಿದಳು, “ಈ ಮಗು ಮೂರು ತಿಂಗಳು ಬಾಗಿಲು ನೋಡ್ತಾ ಕೂತಿತ್ತು, ಅಯ್ಯಾ. ಇವತ್ತು ಬಾಗಿಲಿಗೆ ಬೆನ್ನು ಹಾಕಿ ಬಚ್ಚಿಟ್ಟುಕೊಂಡಿತು. ಹುಡುಕಿಕೊಂಡು ಬರ್ತಾರೆ ಅಂತ ನಂಬದೆ ಯಾವ ಮಗು ಬಚ್ಚಿಟ್ಟುಕೊಳ್ಳುತ್ತೆ? ನನ್ನ ಕೈಲಿ ಆಗಿರಲಿಲ್ಲ. ಇವಳು ಕಲಿಸಿದಳು.”

ಇಪ್ಪತ್ತಾರು ವರ್ಷ ಅವಳು ಮಕ್ಕಳಿಗೆ ಕಲಿಸಿದಳು. ಹಿರಿಯರೆದುರು ಅಷ್ಟು ತಲೆ ಎತ್ತಿ ಮಾತಾಡಿದ್ದು ನಾನು ಕಂಡಿರಲಿಲ್ಲ.

ಯೋಹಾನಪ್ಪ ಬಾಗಿಲು ಬಿಟ್ಟು ಸರಿದರು. ಮಕ್ಕಳು ಹೋ ಎಂದು ಓಡಿದರು.

ಹನ್ನಾ ಮೆಲ್ಲಗೆ ಕೇಳಿದಳು, “ಅಮ್ಮಾ, ನಾಳೆ ನಾನು ಬರಲಾ?”

“ಬಾ. ನಾಳೆ ಲೇಯಾ ಹುಡುಕಲಿ. ನೀನು ತಪ್ಪಿಸಿಕೋ.”