ಅನುಮತಿ ಇಲ್ಲದ ಕೂಗು

ಅತ್ತಿಮರದ ಮೇಲೆ ಮುಸುವ ಮಂಗಗಳ ವಿದ್ಯಾಪೀಠವಿತ್ತು. ಅಲ್ಲಿ ಮುದಿ ಮೇಷ್ಟ್ರೊಬ್ಬರು ಕೂಗುಗಳನ್ನು ಕಲಿಸುತ್ತಿದ್ದರು. ಹಣ್ಣು ಕಂಡರೆ ಒಂದು ಕೂಗು, ಚಿರತೆ ಕಂಡರೆ ಇನ್ನೊಂದು. ಚಿರತೆಯ ಪಾಠ ನಡೆದ ದಿನ, ಕೆಳಗೆ ಉದುರಿದ ಹಣ್ಣು ತಿನ್ನುತ್ತಿದ್ದ ಜಿಂಕೆಗಳು ಬೆದರಿ ದಿಕ್ಕಾಪಾಲಾಗಿ ಓಡಿದವು. ಆಮೇಲೆ ಬಂದು ದೂರು ಕೊಟ್ಟವು.

ಕುಲಪತಿಯಾಗಿದ್ದ ಮುಸುವ, ಮೇಷ್ಟ್ರನ್ನು ಕರೆಸಿತು. "ಚಿರತೆಯ ವಿಷಯ ನಿಮಗೇಕೆ ಇಷ್ಟೊಂದು ಗೊತ್ತು?"

"ಕಲಿಸುವವನಿಗೆ ಗೊತ್ತಿರಬೇಕಲ್ಲ, ಸ್ವಾಮಿ. ಕೂಗದೆ ಕೂಗು ಕಲಿಸಲು ನನಗೆ ಬರುವುದಿಲ್ಲ."

"ಇನ್ನು ಅನುಮತಿ ಇಲ್ಲದೆ ಆ ಕೂಗು ಹಾಕಕೂಡದು. ಹಣ್ಣಿನ ಕೂಗು ಕಲಿಸಿ. ಅದರಿಂದ ಯಾರಿಗೂ ತೊಂದರೆಯಿಲ್ಲ."

ಮೇಷ್ಟ್ರು ಕೇಳಿದ ಅನುಮತಿ ಬರಲೇ ಇಲ್ಲ. ಪಾಠ ನಿಂತಿತು, ಮೇಷ್ಟ್ರೂ ತೀರಿಕೊಂಡರು.

ಒಂದು ಸಂಜೆ ಪೊದೆ ಅಲುಗಿತು. ಕಾವಲಿಗೆ ಕೂತಿದ್ದ ಹೊಸ ಪದವೀಧರ ಮುಸುವ, ಚಿರತೆಯ ಚುಕ್ಕೆಗಳ ಮೈಯನ್ನು ಕಂಡಿತು. ಎಲ್ಲರನ್ನೂ ಎಚ್ಚರಿಸಬೇಕೆಂದು ಅದಕ್ಕೆ ತಿಳಿಯಿತು. ಆದರೆ ಅದು ಕಲಿತದ್ದು ಒಂದೇ ಕೂಗು. ಜೀವವನ್ನೆಲ್ಲ ಗಂಟಲಿಗೆ ತಂದುಕೊಂಡು ಅದನ್ನೇ ಕೂಗಿತು.

ಹಣ್ಣು ಉದುರುತ್ತದೆಂದು ಜಿಂಕೆಗಳು ಮರಿಗಳನ್ನು ಮುಂದೆ ಬಿಟ್ಟುಕೊಂಡು ಮರದ ಬುಡಕ್ಕೆ ಓಡಿಬಂದವು.