ಪ್ಯಾನೆಲ್‌ಗೆ ಹೊದಿಸಿದ ಶಾಲು

ನಮ್ಮ ವಿಶ್ವವಿದ್ಯಾಲಯದ ಸೋಲಾರ್ ತರಬೇತಿಗೆ ಇದ್ದ ಒಂದೇ ಪ್ಯಾನೆಲ್ ಕೆಟ್ಟು ಕೂತಿತ್ತು. ಅದನ್ನು ಮುಟ್ಟಲೂ ನಮ್ಮನ್ನು ಬಿಡುತ್ತಿರಲಿಲ್ಲ. ಕುಲಪತಿಗಳು ಬರುವ ದಿನ ನಿರ್ದೇಶಕ ಪಂಚಾಕ್ಷರಯ್ಯ ನನ್ನನ್ನು ಕರೆದರು.

"ಲೇ, ಪ್ಯಾನೆಲ್ ದೀಪಕ್ಕೆ ಗೋಡೆಯಿಂದ ಕರೆಂಟ್ ಎಳಿ. ಇಲ್ಲಾಂದ್ರೆ ಸರ್ಟಿಫಿಕೇಟ್ ಮರೆತುಬಿಡು."

ಸರ್ಟಿಫಿಕೇಟ್ ಇಲ್ಲದೆ ಯಾವ ಕಂಪನಿಯೂ ಕೆಲಸ ಕೊಡಲ್ಲ. ಎಳೆದೆ. ನನ್ನಂಥ ಕೈ ಇಡೀ ಬ್ಯಾಚಲ್ಲೇ ಇರಲಿಲ್ಲ. ವೈರು ಯಾರ ಕಣ್ಣಿಗೂ ಬೀಳಲಿಲ್ಲ.

ದೀಪ ಹತ್ತಿತು, ಚಪ್ಪಾಳೆ ಬಿತ್ತು. ಕುಲಪತಿಗಳಿಗೆ ಹೊದಿಸಲು ಶಾಲನ್ನು ನನ್ನ ಕೈಗೆ ಕೊಟ್ಟರು.

"ಮೊದಲ ಸನ್ಮಾನ ದುಡಿಯೋರಿಗೆ ಸಾರ್," ಎಂದು ನಾನು ಅದನ್ನು ಪ್ಯಾನೆಲ್‌ಗೇ ಹೊದಿಸಿದೆ. ಬಿಸಿಲು ಮುಚ್ಚಿದ ಮೇಲೆ ಬ್ಯಾಟರಿ ಇಲ್ಲದ ದೀಪ ಆರಬೇಕಿತ್ತು. ಉರಿಯುತ್ತಲೇ ಇತ್ತು.

ನಿರ್ದೇಶಕರು ಬೆವರಿದರು.

"ಈ ವೈರಿಂಗ್ ಯಾರದ್ರೀ?" ಕುಲಪತಿಗಳು ಗದರಿದರು.

"ಇವನದೇ ಸಾರ್!" ನಿರ್ದೇಶಕರು ನನ್ನತ್ತ ಬೆರಳು ತೋರಿಸಿದರು.

"ಹೌದು ಸಾರ್, ನನ್ನದೇ," ಎಂದೆ. "ಇಲ್ಲಿ ನಮ್ಮ ಕೈಯಲ್ಲಿ ಮಾಡಿಸಿದ ಕೆಲಸ ಇದೊಂದೇ."