ನಿಂತವನ ಮಡು

ಸೀಳುಹೊಳೆ ಬೆಟ್ಟದಿಂದಿಳಿದು ಬಲಕ್ಕೆ ಹೊರಳುವಲ್ಲಿ, ನೀರಿನ ನಡುವೆ ಆಳೆತ್ತರದ ಒಂಟಿ ಕಲ್ಲೊಂದಿದೆ. ಆ ಜಾಗವನ್ನು ನಿಂತವನ ಮಡು ಎನ್ನುತ್ತಾರೆ. ಹಕ್ಕಿಗರಿ ಕಟ್ಟಿದ ಗಾಳ ಬೀಸಿ ಟ್ರೌಟ್ ಮೀನು ಹಿಡಿಯಲು ಬರುವವರನ್ನು ಇಲ್ಲಿನ ಗೈಡ್‌ಗಳು ಹೊಳೆಯೊಳಗೇ ನಡೆಸಿಕೊಂಡು ಹೋಗುತ್ತಾರೆ. ನೀರಿನ ಮೊರೆತದಲ್ಲಿ ಕೂಗಿದ್ದು ಕೇಳಿಸದು, ಕಬ್ಬಿಣದ ಸದ್ದು ಕೇಳಿಸುತ್ತದೆ. ಹಾಗಾಗಿ ಮುಂದಿನವನು ಕಬ್ಬಿಣದ ತುದಿಯ ಕೋಲಿನಿಂದ ಕಲ್ಲು ಕುಟ್ಟುತ್ತಾನೆ, ಹಿಂದಿನವರು ಆ ಸದ್ದಿನ ಕಡೆಗೆ ಹೆಜ್ಜೆ ಇಡುತ್ತಾರೆ. ಸದ್ದು ನಿಂತರೆ ನಿಲ್ಲಬೇಕು.

ಹಿಂದೆ ಒಮ್ಮೆ, ಬಿಳಿಯರ ಕಾಲದಲ್ಲಿ, ಈ ಹೊಳೆಯ ಗುಂಡಿಗಳನ್ನೆಲ್ಲ ಬಲ್ಲ ತನಿಯ ಎಂಬುವನಿದ್ದ. ದೊರೆಯೊಬ್ಬನನ್ನು ಕರೆದುಕೊಂಡು ಹೊರಟ ದಿನ ಮೀನಿನ ಬುಟ್ಟಿ ಹೊರಲು ತಮ್ಮ ಅಂಗಾರನೂ ಬಂದ. ಅವನು ಎರಡು ಮಕ್ಕಳ ತಂದೆ, ಆದರೆ ಹೊಳೆಗೆ ಹೊಸಬ. ಮಂಜು ದಟ್ಟವಾಗಿತ್ತು. ನೀರಿಗಿಳಿಯುವ ಮುನ್ನ ತನಿಯ ಅವನ ಭುಜ ಹಿಡಿದು ಹೇಳಿದ: "ನನ್ನ ಕೋಲಿನ ಸದ್ದು ಕೇಳದೆ ಕಾಲು ಎತ್ತಬೇಡ. ನೀರು ಎದೆಗೆ ಬಂದರೂ ಅಲ್ಲೇ ನಿಲ್ಲು."

ನಡುಹೊಳೆ ದಾಟುವಾಗ ದೊರೆಯ ಗಾಳಕ್ಕೆ ದೊಡ್ಡ ಮೀನೇ ಬಿತ್ತು. ಅಂಥ ಮೀನನ್ನು ತನಿಯ ಜನ್ಮದಲ್ಲಿ ಕಂಡಿರಲಿಲ್ಲ. ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಕೈಬಲೆ ಹಿಡಿದು, ದೊರೆಯ ಜೊತೆ ಆಚೆ ದಡ ಹತ್ತಿ ಮೀನು ಎಳೆದತ್ತ ಓಡಿದ. ಮೇಲೆ ಬೆಟ್ಟದಲ್ಲಿ ಮಳೆಯಾಗಿ ನೀರು ಕೆಂಪಾಗಿ ಏರಿದ್ದೂ ಅವನ ಗಮನಕ್ಕೆ ಬರಲಿಲ್ಲ. ಅರ್ಧ ಗಂಟೆಯ ಮೇಲೆ ಮೀನು ಬಲೆಗೆ ಬಂತು. ಹಿಗ್ಗಿನಲ್ಲಿ ತಿರುಗಿಯೂ ನೋಡದೆ ಬುಟ್ಟಿಗಾಗಿ ಹಿಂದಕ್ಕೆ ಕೈ ಚಾಚಿದ. ಬುಟ್ಟಿ ಬಂತು, ಎದುರಿನ ನೀರಿನಲ್ಲಿ ತೇಲಿಕೊಂಡು.

ಅಂಗಾರ ಅಣ್ಣನ ಮಾತು ಮೀರಿರಲಿಲ್ಲ. ಇದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ತನಿಯ ಕತ್ತಲಾಗುವವರೆಗೆ ದಡದ ಕಲ್ಲು ಕುಟ್ಟಿದನಂತೆ. ಹೆಣ ಸಿಗಲಿಲ್ಲ. ನೀರು ಇಳಿದಾಗ ಅಂಗಾರ ನಿಂತಿದ್ದಲ್ಲಿ ಈ ಕಲ್ಲು ನಿಂತಿತ್ತು ಎನ್ನುತ್ತಾರೆ. ಮೊದಲಿನಿಂದಲೂ ಇತ್ತೆಂದು ವಾದಿಸುವವರಿದ್ದಾರೆ. ವಾದಿಸಲಿ, ಅವರು ಮಂಜಿನಲ್ಲಿ ಆ ನೀರಿಗಿಳಿದವರಲ್ಲ.

ಈಗಲೂ ಬಂದವರೆಲ್ಲ ದಡ ಸೇರಿದ ಮೇಲೆ ಗೈಡ್ ಒಬ್ಬನೇ ನೀರಿನಂಚಿಗೆ ಹಿಂದಿರುಗುತ್ತಾನೆ. ದಡದ ಕಲ್ಲನ್ನು ಮೂರು ಸಲ ಕುಟ್ಟಿ, ಯಾರನ್ನೋ ಹತ್ತಿಸಿಕೊಳ್ಳುವವನಂತೆ ನೀರಿನತ್ತ ಕೈ ಚಾಚಿ ನಿಲ್ಲುತ್ತಾನೆ. ಇಷ್ಟು ವರ್ಷದ ಮೇಲೂ ಏಕೆ ಎಂದು ನಾನೊಮ್ಮೆ ಕೇಳಿದ್ದೆ.

"ಅವನು ಕಾಲು ಎತ್ತಿದ ದಿನ ಹಿಡಿಯೋಕೆ ಒಂದು ಕೈ ಇರಬೇಕಲ್ಲ, ಸ್ವಾಮಿ," ಎಂದ.